ಸೈಟು ಮಾರುವ ಮುನ್ನ

ರಾಜಾಜಿನಗರದ ಓದುಗರೊಬ್ಬರ ಪತ್ರದ ಸಾರ ಇದು: ‘ಮಗಳು ಎರಡನೇ ಪಿಯುಸಿ, ಪಿಸಿಎಂಬಿ. ನೀಟ್ ಬರೆಯುತ್ತಾಳೆ, ಸರ್ಕಾರಿ ಸೀಟಿನ ಭರವಸೆ ಅವಳಿಗೇ ಇಲ್ಲ. ಕ್ಯಾನ್ಸರ್ ಸಂಶೋಧನೆ ಮಾಡಬೇಕು ಅನ್ನುತ್ತಾಳೆ. ಇಂಗ್ಲೆಂಡಿನಲ್ಲಿ ಮೂರು ವರ್ಷ ಬಯೋಮೆಡಿಕಲ್ ಸೈನ್ಸ್ ಓದಿದರೆ ಅಲ್ಲಿನ ಆಸ್ಪತ್ರೆಯಲ್ಲೇ ಸೈಂಟಿಸ್ಟ್ ಆಗಬಹುದು ಎಂದು ಏಜೆಂಟರೊಬ್ಬರು ಹೇಳಿದ್ದಾರೆ. ನಮ್ಮ ಯಜಮಾನರು ನೆಲಮಂಗಲದ ಸೈಟು ಮಾರಲು ತಯಾರು. ನನ್ನ ತಮ್ಮ ಮಾತ್ರ, ಬೇಡ ಅಕ್ಕ, ಇಲ್ಲೇ ಬಿಎಸ್ಸಿ ಮಾಡಲಿ ಅನ್ನುತ್ತಾನೆ. ಯಾರ ಮಾತು ಕೇಳಲಿ?’

ಮೇಡಂ, ನಮಸ್ಕಾರ.

ಮಗಳ ಮನಸ್ಸು ನಿಜಕ್ಕೂ ಸಂಶೋಧನೆಯ ಕಡೆಗಿದ್ದರೆ ನಿಮ್ಮ ತಮ್ಮ ಹೇಳಿದ್ದು ಸರಿ. ಮೊದಲ ಪದವಿ ಇಲ್ಲೇ ಆಗಲಿ, ಸೈಟು ಸದ್ಯಕ್ಕೆ ಇದ್ದಲ್ಲೇ ಇರಲಿ. ಆದರೆ ‘ಇಲ್ಲೇ’ ಎಂದರೆ ಮನೆಗೆ ಹತ್ತಿರದ ಯಾವುದೋ ಒಂದು ಕಾಲೇಜು ಎಂದು ಆಗಬಾರದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬಯೋಮೆಡಿಕಲ್ ಅನ್ನುವ ಹೆಸರೇ ಗೊಂದಲದ ಮೂಲ. ಬಯೋಮೆಡಿಕಲ್ ಎಂಜಿನಿಯರಿಂಗ್ ಎಂದರೆ ವೆಂಟಿಲೇಟರ್, ಇಸಿಜಿ, ಸ್ಕ್ಯಾನಿಂಗ್ ಯಂತ್ರಗಳ ವಿದ್ಯೆ. ಮಗಳಿಗೆ ಅದು ಬೇಕಿಲ್ಲ. ರಕ್ತ, ಮೂತ್ರ, ಕಫದ ಮಾದರಿ ಪರೀಕ್ಷಿಸಿ ರಿಪೋರ್ಟ್ ತಯಾರಿಸುವ ಕೆಲಸಕ್ಕೆ ನಮ್ಮಲ್ಲಿ ಬಿಎಸ್ಸಿ ಎಂಎಲ್‌ಟಿ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಬೆಂಗಳೂರಿನ ಅನೇಕ ಕಾಲೇಜುಗಳಲ್ಲಿ ಸಿಗುತ್ತದೆ. ರೋಗ ಹೇಗೆ ಹುಟ್ಟುತ್ತದೆ, ಜೀವಕೋಶ ಯಾಕೆ ಹಳಿ ತಪ್ಪುತ್ತದೆ, ಔಷಧ ಎಲ್ಲಿ ಕೆಲಸ ಮಾಡುತ್ತದೆ ಎಂದು ಹುಡುಕುವುದು ಮೂರನೆಯದು. ಮಗಳು ಕೇಳುತ್ತಿರುವುದು ಇದನ್ನೇ. ಇವುಗಳಲ್ಲಿ ಯಾವುದನ್ನು ಓದಿದರೂ ಡಾಕ್ಟರ್ ಆಗುವುದಿಲ್ಲ. ಹೊರದೇಶದಲ್ಲಿ ಎಂಬಿಬಿಎಸ್ ಓದಿ ಇಲ್ಲಿಗೆ ಬಂದು ವೈದ್ಯರಾಗಲಿಕ್ಕೂ ನೀಟ್ ಪಾಸಾಗಿರಲೇಬೇಕು. ಹಿಂಬಾಗಿಲಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಇಂಗ್ಲೆಂಡಿಗೆ ಬನ್ನಿ. ಅಲ್ಲಿ ‘ಬಯೋಮೆಡಿಕಲ್ ಸೈಂಟಿಸ್ಟ್’ ಎಂದರೆ ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಿಗಳ ಮಾದರಿ ಪರೀಕ್ಷಿಸುವವರು. ಕೆಲಸದ ಬಗೆಯಲ್ಲಿ ನಮ್ಮ ಎಂಎಲ್‌ಟಿಗೆ ಹತ್ತಿರ. ಆ ಹೆಸರಿಗೆ ಅಲ್ಲಿ ಕಾನೂನಿನ ರಕ್ಷಣೆ ಇದೆ. ಎಚ್‌ಸಿಪಿಸಿ ಎಂಬ ಮಂಡಳಿಯಲ್ಲಿ ನೋಂದಣಿ ಆಗದವರು ಹಾಗೆ ಕರೆದುಕೊಳ್ಳುವಂತಿಲ್ಲ. ನೋಂದಣಿಗೆ ಪದವಿಯೊಂದೇ ಸಾಲದು. ಮೊದಲನೆಯದಾಗಿ ಕೋರ್ಸಿಗೆ ಐಬಿಎಂಎಸ್, ಅಂದರೆ ಬಯೋಮೆಡಿಕಲ್ ಸೈನ್ಸ್ ಸಂಸ್ಥೆಯ ಮಾನ್ಯತೆ ಇರಬೇಕು. ಆಮೇಲೆ ಅದೇ ಸಂಸ್ಥೆ ಒಪ್ಪಿದ ಲ್ಯಾಬಿನಲ್ಲಿ ಸುಮಾರು ಒಂದು ವರ್ಷ ತರಬೇತಿ ಪಡೆದು, ಮಾಡಿದ ಪ್ರತಿಯೊಂದು ಕೆಲಸದ ಸಾಕ್ಷಿಯನ್ನೂ ಪೋರ್ಟ್‌ಫೋಲಿಯೊದಲ್ಲಿ ಜೋಡಿಸಿ, ಪರೀಕ್ಷಕರಿಂದ ಒಪ್ಪಿಗೆ ಪಡೆಯಬೇಕು.

ಹೆಚ್ಚಿನವರು ಸಿಕ್ಕಿಬೀಳುವುದು ಈ ತರಬೇತಿಯ ಜಾಗದಲ್ಲೇ. ಸರ್ಕಾರಿ ಆಸ್ಪತ್ರೆಗಳ ಲ್ಯಾಬುಗಳಲ್ಲಿ ಅಂಥ ಜಾಗ ಕಡಿಮೆ, ಪೈಪೋಟಿ ಜಾಸ್ತಿ. ‘ಅಪ್ಲೈಡ್ ಬಯೋಮೆಡಿಕಲ್ ಸೈನ್ಸ್’ ಕೋರ್ಸುಗಳಲ್ಲಿ ತರಬೇತಿ ಪದವಿಯೊಳಗೇ ಸೇರಿರುತ್ತದೆ. ಬರೀ ‘ಬಯೋಮೆಡಿಕಲ್ ಸೈನ್ಸ್’ ಎಂದಿದ್ದರೆ ಅದನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕಾಗಬಹುದು. ಸಿಗದಿದ್ದರೆ ಪದವಿ ಕೈಯಲ್ಲಿದ್ದೂ ಲ್ಯಾಬ್ ಸಹಾಯಕಿಯ ಕೆಲಸಕ್ಕೇ ನಿಲ್ಲಬೇಕಾಗುತ್ತದೆ, ಆ ಕೆಲಸ ತೋರಿಸಿ ಅಲ್ಲಿ ಉಳಿಯಲು ವೀಸಾ ಸಿಗುವುದು ಕಷ್ಟ. ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಡುವ ಗ್ರಾಜುಯೇಟ್ ವೀಸಾದ ಅವಧಿಯೂ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ. ನಿಮ್ಮ ಮಗಳ ಸರದಿ ಬರುವುದು ಅದಾದ ಮೇಲೆಯೇ.

ಹಾಗಾಗಿ ಏಜೆಂಟರನ್ನು ಮೂರು ಮಾತು ಕೇಳಿ. ಈ ಕೋರ್ಸಿಗೆ ಐಬಿಎಂಎಸ್ ಮಾನ್ಯತೆ ಇದೆಯೇ? ಆಸ್ಪತ್ರೆ ತರಬೇತಿ ಖಚಿತವೋ, ‘ಅವಕಾಶ ಇದೆ’ ಎನ್ನುವಷ್ಟೋ? ಕಳೆದ ವರ್ಷ ಹೊರದೇಶದ ಎಷ್ಟು ವಿದ್ಯಾರ್ಥಿಗಳಿಗೆ ಅದು ಸಿಕ್ಕಿತು? ಉತ್ತರವನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳಬೇಡಿ, ವಿಶ್ವವಿದ್ಯಾಲಯದ ಇಮೇಲಿನಿಂದಲೇ ಬರಲಿ. ಸೇರಿದ ಪ್ರತಿ ವಿದ್ಯಾರ್ಥಿಗೂ ಏಜೆಂಟರಿಗೆ ವಿಶ್ವವಿದ್ಯಾಲಯದಿಂದ ಕಮಿಷನ್ ಸಿಗುವುದು ವಾಡಿಕೆ ಎಂಬುದೂ ನೆನಪಿರಲಿ.

ಹಣದ ಲೆಕ್ಕ ಹೀಗಿದೆ. ಹೊರದೇಶದವರಿಗೆ ಇಂಥ ಕೋರ್ಸುಗಳ ಶುಲ್ಕ ವರ್ಷಕ್ಕೆ ಸುಮಾರು 17 ಸಾವಿರದಿಂದ 30 ಸಾವಿರ ಪೌಂಡು, ಕೆಲವೆಡೆ ಇನ್ನೂ ಮೇಲೆ. ವರ್ಷಕ್ಕೆ 776 ಪೌಂಡಿನ ಆರೋಗ್ಯ ಶುಲ್ಕ ಬೇರೆ. ಬಾಡಿಗೆ, ಊಟ ಸೇರಿಸಿದರೆ ಮೂರು ವರ್ಷಕ್ಕೆ ಒಂದು ಕೋಟಿ ರೂಪಾಯಿಯ ಆಸುಪಾಸಿನಿಂದ ಲೆಕ್ಕ ಶುರುವಾಗುತ್ತದೆ. ಇಷ್ಟಾದರೂ ಕ್ಯಾನ್ಸರ್ ಸಂಶೋಧನೆಯ ಬಾಗಿಲು ತೆರೆದಂತಾಗಲಿಲ್ಲ. ಅದಕ್ಕೆ ಮುಂದೆ ಪಿಎಚ್‌ಡಿ ಆಗಲೇಬೇಕು. ಆ ಪಿಎಚ್‌ಡಿಗೆ ಮಾತ್ರ ಮನೆಯ ಹಣ ಬೇಕಿಲ್ಲ. ನಮ್ಮಲ್ಲೇ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಬರುತ್ತದೆ. ಅಮೆರಿಕದಲ್ಲಿ ಜೀವವಿಜ್ಞಾನದ ಪಿಎಚ್‌ಡಿಗೆ ಸಾಮಾನ್ಯವಾಗಿ ಶುಲ್ಕ ಮಾಫಿ, ಮೇಲೆ ಸ್ಟೈಪೆಂಡ್. ಜರ್ಮನಿಯಲ್ಲಿ ಬಹುಪಾಲು ಸಂಬಳದ ಮೇಲೆ ನಡೆಯುತ್ತದೆ. ಹೊರದೇಶಕ್ಕೆ ಅವರ ಖರ್ಚಿನಲ್ಲಿ ಹೋಗುವ ದಾರಿ ನಾಲ್ಕೈದು ವರ್ಷ ಮುಂದೆ ಇರುವಾಗ, ಸೈಟು ಮಾರಿ ಇವತ್ತೇ ಹೊರಡುವ ಅಗತ್ಯ ನಮಗೆ ಕಾಣಲಿಲ್ಲ.

ಬೇರೆ ದೇಶಗಳ ಮಾತು ಚುಟುಕಾಗಿ. ಆಸ್ಟ್ರೇಲಿಯಾದಲ್ಲೂ ಇದೇ ಹೆಸರಿನ ಗೊಂದಲ: ಆಸ್ಪತ್ರೆ ಲ್ಯಾಬಿನ ಕೆಲಸಕ್ಕೆ ಎಐಎಂಎಸ್ ಎಂಬ ಅಲ್ಲಿನ ವೃತ್ತಿಸಂಸ್ಥೆಯ ಮಾನ್ಯತೆಯಿರುವ ಲ್ಯಾಬೊರೇಟರಿ ಮೆಡಿಸಿನ್ ಥರದ ಪದವಿ ಬೇಕು, ಸಾಮಾನ್ಯ ಬಯೋಮೆಡಿಕಲ್ ಸೈನ್ಸ್ ಪದವಿ ಅದಕ್ಕೆ ಬದಲಾಗುವುದಿಲ್ಲ. ಜರ್ಮನಿಯಲ್ಲಿ ಮೊದಲ ಪದವಿ ಬಹುತೇಕ ಜರ್ಮನ್ ಭಾಷೆಯಲ್ಲೇ. ನಮ್ಮವರಿಗೆ ಎಂಎಸ್ಸಿ ಹಂತದಲ್ಲಿ ಅದು ಚೆನ್ನಾಗಿ ಒದಗುತ್ತದೆ.

ಇನ್ನು ಇಲ್ಲಿ ಎಲ್ಲಿ ಅನ್ನುವುದು. ಮೊದಲು ಐಎಟಿ ಪರೀಕ್ಷೆಗೆ ಕೂರಿಸಿ. ಐಸರ್ ಎಂಬ ಕೇಂದ್ರದ ಏಳು ವಿಜ್ಞಾನ ಸಂಸ್ಥೆಗಳ ಐದು ವರ್ಷದ ಬಿಎಸ್-ಎಂಎಸ್‌ಗೆ ಪ್ರವೇಶ ಇದರಿಂದಲೇ; ನಮಗೆ ಹತ್ತಿರದ್ದು ತಿರುಪತಿ. ನಮ್ಮ ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ಪದವಿಗೂ, ಐಐಟಿ ಮದ್ರಾಸಿನಲ್ಲಿ 2023ರಲ್ಲಿ ಶುರುವಾದ ಮೆಡಿಕಲ್ ಸೈನ್ಸಸ್ ಅಂಡ್ ಎಂಜಿನಿಯರಿಂಗ್ ಪದವಿಗೂ ಈ ಅಂಕ ನಡೆಯುತ್ತದೆ. ಮೂರು ಗಂಟೆ, 60 ಪ್ರಶ್ನೆ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ತಲಾ 15. ನೀಟ್ ತಯಾರಿಯಲ್ಲಿ ಮುಳುಗಿದ ಮಕ್ಕಳು ಗಣಿತ ಕೈಬಿಟ್ಟಿರುತ್ತಾರೆ, ಎಡವುವುದು ಅಲ್ಲೇ. ಮಗಳು ಪಿಸಿಎಂಬಿ ಆದ್ದರಿಂದ ದಿನಕ್ಕೊಂದು ಗಂಟೆ ಗಣಿತಕ್ಕೆ ಇಟ್ಟರೆ ಲಾಭ. ನೀಟ್, ಸಿಇಟಿ ಅರ್ಜಿ ಹಾಕಿದ್ದರೆ ಇದಕ್ಕೆ ಸಾಲದು, ಪ್ರತ್ಯೇಕವಾಗಿ ಹಾಕಬೇಕು. ಬಯೋಮೆಡಿಕಲ್ ಸೈನ್ಸ್ ಎಂಬ ಹೆಸರಿನ ಆನರ್ಸ್ ಪದವಿಯೇ ಬೇಕೆಂದರೆ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿದೆ; ಅದಕ್ಕೆ ಸಿಯುಇಟಿ ಬರೆಯಬೇಕು.

ಇದ್ಯಾವುದೂ ಆಗದಿದ್ದರೆ ಬೆಂಗಳೂರಿನಲ್ಲೇ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಅಥವಾ ಜೆನೆಟಿಕ್ಸ್ ಇರುವ ಬಿಎಸ್ಸಿ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಪ್ರಾಕ್ಟಿಕಲ್ ನಡೆಯುವ ಹೊತ್ತಿಗೆ ಲ್ಯಾಬಿಗೆ ಹೋಗಿ ನಿಲ್ಲಿ. ಮೇಷ್ಟ್ರು ಮಾಡುವುದನ್ನು ಮೂವತ್ತು ಮಕ್ಕಳು ಹೆಗಲ ಮೇಲಿಂದ ಇಣುಕುತ್ತಿದ್ದಾರೋ, ತಾವೇ ಮಾಡುತ್ತಿದ್ದಾರೋ? ಕೊನೆಯ ವರ್ಷದ ಹುಡುಗಿಯೊಬ್ಬಳನ್ನು ಮೈಕ್ರೋಪೈಪೆಟ್, ಅಂದರೆ ತೀರಾ ಸಣ್ಣ ಪ್ರಮಾಣದ ದ್ರವ ಅಳೆಯುವ ಸಾಧನ, ಹಿಡಿದು ತೋರಿಸಮ್ಮ ಅನ್ನಿ. ಅದರ ಗುಂಡಿ ಎರಡು ಹಂತದಲ್ಲಿ ಇಳಿಯುತ್ತದೆ. ದ್ರವ ಎಳೆಯುವಾಗ ಮೊದಲ ಹಂತದವರೆಗೆ ಮಾತ್ರ ಒತ್ತಿ ನಿಧಾನ ಬಿಡಬೇಕು. ಎರಡನೆಯ ಹಂತ ಇರುವುದು ಕೊನೆಯ ಹನಿಯನ್ನು ಹೊರಗೆ ತಳ್ಳಲಿಕ್ಕೆ. ಎಳೆಯುವಾಗಲೇ ಎರಡನೆಯ ಹಂತಕ್ಕೆ ಒತ್ತಿದರೆ ಅಳತೆಗಿಂತ ಹೆಚ್ಚು ದ್ರವ ಬರುತ್ತದೆ, ಡಿಎನ್‌ಎ ನಕಲು ಮಾಡುವ 25 ಮೈಕ್ರೋಲೀಟರಿನ ಪಿಸಿಆರ್ ಅಷ್ಟಕ್ಕೇ ಕೆಡಬಹುದು. ಡಿಎನ್‌ಎ ತುಣುಕುಗಳನ್ನು ವಿದ್ಯುತ್ತಿನಿಂದ ಓಡಿಸಿ ಬೇರ್ಪಡಿಸುವ ಅಗರೋಸ್ ಜೆಲ್ ಹೇಗೆ ಮಾಡಿದಿರಿ ಎಂದೂ ಕೇಳಿ. 100 ಎಂಎಲ್ ಬಫರ್ ಎಂಬ ಲವಣ ದ್ರಾವಣಕ್ಕೆ 1 ಗ್ರಾಂ ಅಗರೋಸ್ ಎಂದು ತಡವರಿಸದೆ ಹೇಳಿ, ಬಫರ್ ಬದಲು ನೀರು ಹಾಕಿದರೆ ಡಿಎನ್‌ಎ ಸರಿಯಾಗಿ ಓಡುವುದಿಲ್ಲ ಎಂದೂ ಸೇರಿಸಿದರೆ ಆ ಕಾಲೇಜಿನಲ್ಲಿ ಕೈಗೆ ಕೆಲಸ ಕೊಡುತ್ತಿದ್ದಾರೆ ಎಂದೇ ಅರ್ಥ. ಮುಂದೆ ಯಾವ ದೇಶದ ಲ್ಯಾಬಿನವರು ಸಂದರ್ಶನ ಮಾಡಿದರೂ ಕೆದಕುವುದು ಇದನ್ನೇ.

ವಿಷಯ ಆರಿಸುವಾಗ ಒಂದು ಎಚ್ಚರ. ಪಿಯು ಮಂಡಳಿಯ ಮೇಲಿನ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ ಇದೆ. ಅದರ ಪಟ್ಟಿಯಲ್ಲಿ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಇವೆ, ಬಯೋಟೆಕ್ನಾಲಜಿ ಇಲ್ಲ. ಸೇರಿದ ಮೇಲೆ ಇದು ಗೊತ್ತಾಗಿ ಪೇಚಾಡುವ ಮಕ್ಕಳು ಕಡಿಮೆಯಿಲ್ಲ.

ಇನ್ನೊಂದು, ವರ್ಷಗಳ ಲೆಕ್ಕ. ನಮ್ಮ ರಾಜ್ಯ ಸರ್ಕಾರ 2024–25ರಿಂದ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿದೆ. ಬ್ರಿಟನ್ನಿನ ಎಂಎಸ್ಸಿಗೆ ಮೂರು ವರ್ಷ ಸಾಕು. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ನೇರ ಪಿಎಚ್‌ಡಿಗೆ ನಾಲ್ಕು ವರ್ಷ ಕೇಳುತ್ತವೆ, ಹಾಗಾಗಿ ಇಲ್ಲಿ ಎಂಎಸ್ಸಿ ಮುಗಿಸಿ ಹೋಗಬೇಕು. ಅದು ನಷ್ಟವೇನಲ್ಲ. ಜಿಎಟಿ-ಬಿ ಎಂಬ ಬಯೋಟೆಕ್ನಾಲಜಿ ಪ್ರವೇಶ ಪರೀಕ್ಷೆ ಬರೆದು ಕೇಂದ್ರದ ನೆರವಿನ ಎಂಎಸ್ಸಿಗೆ ಸೇರಬಹುದು, ಜಕ್ಕೂರಿನ ಜೆಎನ್‌ಸಿಎಎಸ್‌ಆರ್ ಅಥವಾ ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಂಥ ಸಂಶೋಧನಾ ಸಂಸ್ಥೆಯಲ್ಲಿ ಬಿಎಸ್ಸಿ ನಂತರ ಇಂಟಿಗ್ರೇಟೆಡ್ ಪಿಎಚ್‌ಡಿಗೆ, ಅಂದರೆ ಸ್ನಾತಕೋತ್ತರ ಓದೂ ಪಿಎಚ್‌ಡಿಯೂ ಒಟ್ಟಿಗೆ ಆಗುವ ಕೋರ್ಸಿಗೆ ಪ್ರಯತ್ನಿಸಬಹುದು. ಬೆಂಗಳೂರಿನಲ್ಲಿ ಓದುವುದರ ನಿಜವಾದ ಲಾಭವೇ ಇದು: ದೊಡ್ಡ ಲ್ಯಾಬುಗಳು ಬಿಎಂಟಿಸಿ ಬಸ್ಸಿನ ದೂರದಲ್ಲಿವೆ. ಪದವಿಯ ದಿನಗಳಲ್ಲೇ ಮೂರು ವಿಜ್ಞಾನ ಅಕಾಡೆಮಿಗಳ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಲಿ. ಅಲ್ಲಿ ಅವಳ ಕೆಲಸ ಕಣ್ಣಾರೆ ಕಂಡ ವಿಜ್ಞಾನಿ ಬರೆದುಕೊಡುವ ಶಿಫಾರಸು ಪತ್ರಕ್ಕೆ ಹೊರದೇಶದಲ್ಲಿ ಅಂಕಪಟ್ಟಿಗಿಂತ ಹೆಚ್ಚು ಬೆಲೆ.

ಇಷ್ಟೆಲ್ಲ ಓದಿಯೂ ಮಗಳು ‘ನನಗೆ ಆಸ್ಪತ್ರೆ ಲ್ಯಾಬಿನ ಕೆಲಸವೇ ಇಷ್ಟ, ಇಂಗ್ಲೆಂಡಿನಲ್ಲೇ ನೆಲೆಸುತ್ತೇನೆ’ ಎಂದರೆ ಮಾತು ಬೇರೆ. ಆಗ ತರಬೇತಿ ಖಚಿತವಿರುವ ಕೋರ್ಸು ಸಿಕ್ಕರೆ ಮಾತ್ರ ಕಳಿಸಿ. ವೀಸಾಕ್ಕೆ ತೋರಿಸುವ ಹಣ 28 ದಿನ ಒಂದೇ ಸಮನೆ ಖಾತೆಯಲ್ಲಿರಬೇಕು; ಒಂದು ದಿನ ಒಂದು ಪೌಂಡಿನಷ್ಟು ಕೆಳಗಿಳಿದರೂ ಅರ್ಜಿ ತಿರಸ್ಕಾರ ಆಗಬಹುದು. ಆ ಖಾತೆ ಮಗಳದ್ದೋ ತಂದೆತಾಯಿಯದ್ದೋ ಆಗಿರಬೇಕು, ಸೋದರಮಾವನ ಖಾತೆ ನಡೆಯದು.

ಎಲ್ಲಿಗೇ ಹೋದರೂ ಈ ತಿಂಗಳೇ ಮಾಡಬೇಕಾದ ಕೆಲಸವೊಂದಿದೆ. ನಮ್ಮ ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ‘ಕೆ.ಎಸ್.’ ಥರದ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಎರಡೂ ತಾಳೆಯಾಗದೆ ಅರ್ಜಿಗಳು ವಾರಗಟ್ಟಲೆ ನಿಲ್ಲುತ್ತವೆ. ಪಾಸ್‌ಪೋರ್ಟ್ ಮಾಡಿಸಿ, ಎರಡೂ ಹೆಸರು ಒಬ್ಬಳದ್ದೇ ಎಂದು ಸ್ಟಾಂಪ್ ಪೇಪರಿನಲ್ಲಿ ಅಫಿಡವಿಟ್ ಬರೆಸಿ ನೋಟರಿ ಮಾಡಿಸಿಡಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಿಂದ ಹಿಡಿದು ವಿಶ್ವವಿದ್ಯಾಲಯದ ಅರ್ಜಿಯವರೆಗೆ ಎಲ್ಲ ಕಡೆ ಪಾಸ್‌ಪೋರ್ಟಿನ ಹೆಸರನ್ನೇ ಹಾಕಲಿ.