ಥಿಯೇಟರ್ ಮುಂದೆ ನಮ್ಮ ಹೀರೋದು 30 ಅಡಿ ಕಟೌಟ್ ನಿಲ್ಲಿಸಬೇಕು, ಏನೇನು ನೋಡ್ಕೋಬೇಕು?

ಮೊದಲು ತಲೆ ಎತ್ತಿ ಕರೆಂಟ್ ತಂತಿ ಎಲ್ಲಿದೆ ನೋಡಿ, ಹೀರೋ ಪೋಸ್ ಆಮೇಲೆ ಆರಿಸಿ. ಕಟೌಟ್ ಯಾವ ಕಡೆ ಬಿದ್ದರೂ ತಂತಿ ಮುಟ್ಟಬಾರದು, ಹಾಗಾಗಿ ಸುತ್ತ 40 ಅಡಿಯೊಳಗೆ ಲೈನ್ ಇದ್ದರೆ ಆ ಜಾಗ ಬಿಟ್ಟುಬಿಡಿ. 2024ರ ಜನವರಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಗದಗ ಜಿಲ್ಲೆಯ ಸೂರಣಗಿಯಲ್ಲಿ 3 ಹುಡುಗರು ಸತ್ತಿದ್ದು ಕಟೌಟ್ ನಿಲ್ಲಿಸುವಾಗ ತಂತಿ ತಗುಲಿಯೇ, ಅದೂ ನಡುರಾತ್ರಿ. ಕತ್ತಲಲ್ಲಿ ತಂತಿ ಕಾಣಲ್ಲ, ಹಗಲಲ್ಲೇ ಕೆಲಸ ಮುಗಿಸಿ. ಕಬ್ಬಿಣದ ಫ್ರೇಮ್ ಬೇಡ. ಸರ್ವೆ ಮರ ಬಳಸಿ, ಹಾಗಂತ ಅದನ್ನೂ ಪೂರ್ತಿ ನಂಬಬೇಡಿ, ನೆನೆದ ಮರದಲ್ಲೂ ಕರೆಂಟ್ ಹರಿಯುತ್ತೆ.

ಆಮೇಲೆ ಗಾಳಿ. 30 ಅಡಿ ಎತ್ತರ, 10 ಅಡಿ ಅಗಲ ಅಂದರೆ 300 ಚದರ ಅಡಿ. ಗಂಟೆಗೆ 50 ಕಿಮೀ ಗಾಳಿ ಅದನ್ನ 300 ಕೆಜಿಗೂ ಮೀರಿ ತಳ್ಳುತ್ತೆ. ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಕಂಬಗಳನ್ನ 4 ಅಡಿ ಗುಂಡಿಯಲ್ಲಿ ಹೂತು ಕಲ್ಲು ಹಾಕಿ ಗಿಡಿಯಿರಿ. 20 ಅಡಿ ಎತ್ತರದಿಂದ ಮುಂದೆ 2, ಹಿಂದೆ 2 ಹಗ್ಗ ಬಿಗಿಯಿರಿ, ಗೂಟ ಬುಡದಿಂದ 15 ಅಡಿ ದೂರ ಇರಲಿ. ಥಿಯೇಟರ್ ಪ್ಯಾರಾಪೆಟ್ ಗೋಡೆಗೆ ಕಟ್ಟಲೇಬೇಡಿ, ಇಟ್ಟಿಗೆ ಸಮೇತ ಕಿತ್ತು ಬರುತ್ತೆ.

ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಿಂದಲೇ ರಾಜ್ಯದಲ್ಲಿ ನಿಷೇಧ ಇದೆ. 6 ಎಂಎಂ ಪ್ಲೈವುಡ್ ಮೇಲೆ ಬಟ್ಟೆ ಪ್ರಿಂಟ್ ಅಂಟಿಸಿ. 8x4ರ 10 ಶೀಟ್ ಬೇಕಾಗುತ್ತೆ, ಎಲ್ಲಾ ಸೇರಿ 100 ಕೆಜಿ ದಾಟುತ್ತೆ. ಅಷ್ಟನ್ನೂ ನೆಲದಲ್ಲಿ ಜೋಡಿಸಿ 'ಜೈ ಬಾಸ್' ಅಂತ ಒಟ್ಟಿಗೆ ಎತ್ತಕ್ಕೆ ಹೋಗ್ತಾರಲ್ಲ, ಅನಾಹುತ ಆಗೋದೇ ಅಲ್ಲಿ. ಅರ್ಧ ಎದ್ದ ಕಟೌಟ್ ಒಂದು ಕಡೆ ವಾಲಿದರೆ ಹತ್ತು ಜನ ಹಿಡಿದರೂ ನಿಲ್ಲಲ್ಲ. ಮೊದಲು ಬರೀ ಕಂಬದ ಸಾರುವೆ ನಿಲ್ಲಿಸಿ, ಆಮೇಲೆ ಒಂದೊಂದೇ ಶೀಟ್ ಹಗ್ಗದಲ್ಲಿ ಎಳೆದು ಕಟ್ಟಿ: ಬೂಟು, ಪ್ಯಾಂಟು, ಎದೆ, ಕೊನೆಗೆ ಮುಖ.

ಹೂವಿನ ಹಾರದ ಭಾರ ಕಂಬಕ್ಕೆ ಬೀಳಲಿ, ಕುತ್ತಿಗೆಗೆ ಮೊಳೆ ಹೊಡೆದು ನೇತುಹಾಕಿದರೆ ಶೀಟ್ ಸೀಳುತ್ತೆ. ಹಾಲಿನ ಅಭಿಷೇಕ ಮಾಡಲೇಬೇಕಾ? ಪಾದಕ್ಕೆ ಒಂದು ಚೊಂಬು ಸಾಕು. ಮೇಲೆ ಹತ್ತಿ ಸುರಿದರೆ ಕಾಲಿಡೋ ಮರವೇ ಜಾರುತ್ತೆ, ಕೆಳಗಿನ ಫೋಕಸ್ ಲೈಟಿಗೂ ಹಾಲು ಇಳಿಯುತ್ತೆ.

ಥಿಯೇಟರ್ ಮಾಲೀಕರ ಒಪ್ಪಿಗೆ, ಪುರಸಭೆ ಅನುಮತಿ ಎರಡೂ ಬೇಕು. ಸಿನಿಮಾ ಎತ್ತಿದ ಮೇಲೆ ಮಳೆಗೆ ನೆನೆಯೋಕೆ ಬಿಡಬೇಡಿ, ಬಿಚ್ಚಿ. ಬಿಚ್ಚುವಾಗ ಮುಖ ಮೊದಲು, ಬೂಟು ಕೊನೆಗೆ.