ಮನೆಯ ಹಳೆಯ ಮೈಸೂರು ಶೈಲಿಯ ಪಟವನ್ನು ನಾವೇ ಒರೆಸಿ ಹೊಸದರಂತೆ ಮಾಡಬಹುದೇ?

ದೇವರ ಕೋಣೆಯ ಪಟ್ಟಾಭಿಷೇಕದ ಪಟ ಹೊಗೆ ಹಿಡಿದು ಕಪ್ಪಾಗಿದೆ, ಮಗಳ ಮದುವೆಯ ಒಳಗೆ ಅದು ಹೊಸದರಂತೆ ಆಗಬೇಕು, ಆಲೂಗಡ್ಡೆ ಹೋಳಿನಿಂದ ಉಜ್ಜಿದರೆ ಸಾಕೋ ಅಥವಾ ಶಿವಮೊಗ್ಗದಲ್ಲಿ ಯಾರಿಗಾದರೂ ಕೊಡಬೇಕೋ ಎಂದು ಕೇಳಿದ್ದೀರಿ. ಆಲೂಗಡ್ಡೆಯನ್ನು ಪಲ್ಯಕ್ಕೆ ಇಟ್ಟುಕೊಳ್ಳಿ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲೂ ಇಂಥದೇ ಒಂದು ಪಟವಿದೆ. ಅದರಲ್ಲಿ ರಾಮನ ಕಿರೀಟ ಅರ್ಧಕ್ಕೇ ನಿಂತಿದೆ, ಉಳಿದರ್ಧವನ್ನು ಒರೆಸಿ ತೆಗೆದವನು ನಾನು.

ನಮ್ಮ ಹಳೆಯ ಮನೆಯಲ್ಲಿ ಅಡುಗೆಮನೆಗೂ ದೇವರ ಕೋಣೆಗೂ ನಡುವೆ ಇದ್ದದ್ದು ಮರದ ಸರಳುಗಳ ಒಂದು ಜಾಲರಿ ಮಾತ್ರ. ಸೌದೆ ಒಲೆಯ ಹೊಗೆ, ನಂದಾದೀಪದ ಎಣ್ಣೆಮಸಿ, ಧೂಪ ಎಲ್ಲವೂ ತಲೆಮಾರುಗಳಿಂದ ಪಟದ ಮೇಲೆ ಕೂತು, ಸೀತೆಯ ಸೀರೆ ಯಾವ ಬಣ್ಣದ್ದೆಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೂ ಉಳಿದಿರಲಿಲ್ಲ. ತಮ್ಮನ ಉಪನಯನದ ಮುಂಚೆ ಗೋಡೆಗೆ ಸುಣ್ಣ ಬಳಿಯಲೆಂದು ಪಟವನ್ನು ಇಳಿಸಿದೆವು. ಕಟ್ಟು ಬಿಚ್ಚಿ, ಗಾಜು ತೆಗೆದು, ಜಗಲಿಯ ಮೇಲೆ ಹಳೆಯ ಪಂಚೆ ಹಾಸಿ ಮಲಗಿಸಿದೆ. ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಬಲಗಡೆಯ ಕೆಳಮೂಲೆಯಲ್ಲಿ ಮೊದಲು ಒಂದು ಉಗುರಗಲ ಜಾಗವನ್ನು ಒರೆಸಿ ನೋಡಿದೆ. ಮಸಿ ಬಂತು, ಬಣ್ಣ ಬರಲಿಲ್ಲ. ಹಸಿರು ನೆಲ, ಹನುಮಂತನ ಬಾಲದ ತುದಿ ಸ್ವಚ್ಛವಾಗಿ ಕಾಣಿಸಿದವು. ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ಸೋದರತ್ತೆ, "ಎಷ್ಟು ಚಂದ ಕಾಣ್ತದೆ ನೋಡು, ಪೂರ್ತಿ ಒರೆಸೋ ಮಾರಾಯ" ಎಂದರು. ನಾನೂ ಧೈರ್ಯದಿಂದ ಮೇಲಕ್ಕೆ ಹೋದೆ.

ಕಿರೀಟದ ಹತ್ತಿರ ಬಂದಾಗ ಹತ್ತಿ ಹಳದಿಯಾಯಿತು. ಹಳೆಯ ಎಣ್ಣೆಯ ಜಿಡ್ಡಿರಬೇಕೆಂದು ಇನ್ನೊಂದು ಎಳೆ ಎಳೆದೆ. ಉಬ್ಬು ಕೆಲಸದ ಒಂದು ಸಾಲು ನೆನೆದ ಹಪ್ಪಳದಂತೆ ಮೆತ್ತಗಾಗಿ ಎದ್ದು ಬಂತು. ಹತ್ತಿಯಲ್ಲಿ ಬಿಳಿಯ ಹಿಟ್ಟು, ಹಿಟ್ಟಿನ ಮೇಲೆ ಚಿನ್ನದ ರೇಕಿನ ಚೂರುಗಳು.

ಪರೀಕ್ಷೆ ಮಾಡಿಯೂ ಹೀಗಾದದ್ದು ಹೇಗೆ ಎಂಬುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಇಂಟರ್ನೆಟ್ಟಿನ ಸಲಹೆಗಾರರೆಲ್ಲ "ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ" ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತಾರೆ. ಮೈಸೂರು ಶೈಲಿಯ ಪಟವೆಂದರೆ ಹಲಗೆ, ಅದರ ಮೇಲೆ ಅಂಟಿಸಿದ ಕಾಗದ, ಕಾಗದದ ಮೇಲೆ ಗೋಂದಿನಲ್ಲಿ ಕಲಸಿದ ಬಣ್ಣ. ಒಡವೆ, ಕಿರೀಟ, ಸಿಂಹಾಸನ ಇರುವಲ್ಲೆಲ್ಲ ಸಫೇದದ, ಅಂದರೆ ಬಿಳಿ ಬಣ್ಣದ ಪುಡಿಯನ್ನು ಗೋಂದಿನೊಂದಿಗೆ ಅರೆದು, ಅದಕ್ಕೆ ರೇವಲಚಿನ್ನಿ ಎಂಬ ಹಳದಿ ಬಣ್ಣವನ್ನು ಸೇರಿಸಿ, ಕುಂಚದಿಂದ ಎಳೆ ಎಳೆಯಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸುತ್ತಾರೆ. ತಂಜಾವೂರಿನ ಪಟಗಳಂತೆ ದಪ್ಪಗಿನ ಉಬ್ಬಲ್ಲ ಇದು, ಕೂದಲೆಳೆಯಷ್ಟು ನವಿರಾದದ್ದು. ನೀರು ತಾಗಿದರೆ ಗೋಂದು ಕರಗುತ್ತದೆ, ರೇವಲಚಿನ್ನಿ ಬಣ್ಣ ಬಿಡುತ್ತದೆ, ಕೆಳಗಿನ ಆಸರೆ ಹೋದ ಮೇಲೆ ರೇಕು ನಿಲ್ಲುವುದಿಲ್ಲ. ಹಾಗಿದ್ದರೆ ನನ್ನ ಮೂಲೆಯಲ್ಲಿ ಏಕೆ ಕರಗಲಿಲ್ಲ? ಆ ಮೂಲೆ ಮೂಲದ್ದಾಗಿರಲಿಲ್ಲ. ಯಾವುದೋ ಕಾಲದಲ್ಲಿ ಮಳೆಗಾಲದ ಥಂಡಿಗೆ ಕೆಳಭಾಗ ಹಾಳಾಗಿ, ಯಾರೋ ಅದನ್ನು ಎಣ್ಣೆಬಣ್ಣದಲ್ಲಿ ತಿದ್ದಿದ್ದರು. ಎಣ್ಣೆಬಣ್ಣ ಒಣಗಿ ಗಟ್ಟಿಯಾದ ಮೇಲೆ ನೀರಿಗೆ ಜಗ್ಗುವುದಿಲ್ಲ. ಅಂದರೆ ನಾನು ಪರೀಕ್ಷಿಸಿದ್ದು ತಿದ್ದಿದವರ ಕೆಲಸವನ್ನು, ಒರೆಸಿದ್ದು ಮೂಲ ಚಿತ್ರಕಾರನ ಕೆಲಸವನ್ನು. ನಮ್ಮ ಕಡೆ ಗೋಡೆಯ ತೇವ ಕೆಳಗಿನಿಂದಲೇ ಏರುತ್ತದೆ. ಆದ್ದರಿಂದ ಪಟದ ಕೆಳಮೂಲೆ ಮೊದಲು ಹಾಳಾಗುತ್ತದೆ, ಮೊದಲು ತಿದ್ದಿಸಿಕೊಳ್ಳುತ್ತದೆ. ಎಲ್ಲರೂ ಪರೀಕ್ಷೆಗೆ ಆರಿಸಿಕೊಳ್ಳುವುದೂ ಕಣ್ಣಿಗೆ ಬೀಳದ ಅದೇ ಮೂಲೆಯನ್ನು! ಪರೀಕ್ಷೆ ಮಾಡುವುದೇ ಆದರೆ ಪ್ರತಿ ಬಣ್ಣಕ್ಕೂ, ಉಬ್ಬಿಗೂ, ರೇಕಿಗೂ ಬೇರೆ ಬೇರೆಯಾಗಿ, ಸೂಜಿಮೊನೆಯಷ್ಟು ಜಾಗದಲ್ಲಿ, ಭೂತಗನ್ನಡಿ ಹಿಡಿದು ಮಾಡಬೇಕು. ಅದನ್ನು ಜಗಲಿಯಲ್ಲಿ ಕೂತು ಮಾಡಲಾಗುವುದಿಲ್ಲ.

ಆಮೇಲೆ ಕಟ್ಟು ಹಾಕುವ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯವರು ಪಟವನ್ನು ಬೆಳಕಿಗೂ ಹಿಡಿಯದೆ, ಕಿರೀಟಕ್ಕೆ ಗೋಲ್ಡ್ ಪೇಂಟ್ ಹೊಡೆದು, ಮುಖಗಳಿಗೆ ಹೊಸ ಬಣ್ಣ ಕೊಟ್ಟು, ಮೇಲೊಂದು ಕೈ ವಾರ್ನಿಷ್ ಎಳೆದರೆ ಫಳಫಳ ಹೊಳೆಯುತ್ತದೆ ಎಂದರು. ನೀವು ಕೇಳುತ್ತಿರುವ "ಹೊಸದರಂತೆ" ಎಂದರೆ ಇದೇ. ಗೋಲ್ಡ್ ಪೇಂಟಿನಲ್ಲಿರುವುದು ಸಾಮಾನ್ಯವಾಗಿ ಹಿತ್ತಾಳೆಯ ಪುಡಿ, ಕೆಲವು ವರ್ಷಗಳಲ್ಲಿ ಕಂದುಗಟ್ಟುತ್ತದೆ. ಕಾಗದದ ಮೇಲಿನ ಗೋಂದುಬಣ್ಣಕ್ಕೆ ವಾರ್ನಿಷ್ ಇಳಿದರೆ ಬಣ್ಣದ ಛಾಯೆಯೇ ಗಾಢವಾಗಿ ಬದಲಾಗುತ್ತದೆ, ಮುಂದೆ ಅದು ಹಳದಿಗಟ್ಟಿದಾಗ ತೆಗೆಯಲು ಹೊರಟರೆ ಬಣ್ಣವೂ ಜೊತೆಗೆ ಬರುವ ಅಪಾಯವಿದೆ. ಆ ಹೊತ್ತಿಗೆ ನನಗೆ ಇದೊಂದೂ ಗೊತ್ತಿರಲಿಲ್ಲ. ಅವರ ಅವಸರ ನೋಡಿ ಭಯವಾಗಿ ಪಟವನ್ನು ವಾಪಸು ತಂದೆ, ಅಷ್ಟೇ.

ಕೊನೆಗೆ ಬೆಂಗಳೂರಿನಲ್ಲಿ ಹಳೆಯ ಚಿತ್ರಗಳನ್ನು ಕಾಪಾಡುವ ಕೆಲಸದಲ್ಲಿ ತರಬೇತಿ ಪಡೆದ ಒಬ್ಬ ಸಂರಕ್ಷಕಿಯ ಬಳಿ ಹೋದೆ. ಕಿರೀಟವನ್ನು ಮತ್ತೆ ಮಾಡಿಕೊಡಿ ಎಂದು ಕೇಳಿದಾಗ ಅವರು, "ಮೊದಲು ಹೇಗಿತ್ತು, ಫೋಟೊ ಇದೆಯೇ?" ಎಂದರು. ಇರಲಿಲ್ಲ. "ಹಾಗಾದರೆ ನಾನು ಬರೆಯುವುದು ನನ್ನ ಕಿರೀಟವಾಗುತ್ತದೆ, ಮೂಲ ಚಿತ್ರಕಾರನದ್ದಲ್ಲ" ಎಂದು ಒಪ್ಪಲಿಲ್ಲ. ಒಣ ಕುಂಚದಿಂದ ಧೂಳು ತೆಗೆದರು, ಎದ್ದು ನಿಂತಿದ್ದ ಉಬ್ಬಿನ ಅಂಚುಗಳ ಕೆಳಗೆ ಹನಿ ಹನಿಯಾಗಿ ತೆಳು ಅಂಟನ್ನು ಬಿಟ್ಟು ಕೂರಿಸಿದರು, ಕಳೆದುಹೋದ ಜಾಗಕ್ಕೆ ಮುಂದೆ ಬೇಕಾದರೆ ಸುಲಭವಾಗಿ ತೆಗೆಯಬಹುದಾದ ಜಲವರ್ಣದ ಒಂದು ತಿಳಿ ಛಾಯೆ ಕೊಟ್ಟರು. ದೂರದಿಂದ ಅದು ಕಣ್ಣಿಗೆ ಹೊಡೆಯುವುದಿಲ್ಲ, ಹತ್ತಿರ ಹೋದರೆ ಇಲ್ಲಿ ಏನೋ ಹೋಗಿದೆ ಎಂದು ತಿಳಿಯುತ್ತದೆ. ಇಷ್ಟಕ್ಕೆ ಇಷ್ಟು ಹಣವೇ ಎಂದು ಮನೆಯಲ್ಲಿ ಗೊಣಗಾಟವಾಯಿತು, ಮೊದಮೊದಲು ನನಗೂ ಅಸಮಾಧಾನವೇ ಇತ್ತು. ಈಗ ನಾನು ಅವರ ಪಕ್ಷ.

ಮುಖಗಳು ಕಪ್ಪಾಗಿವೆ ಎಂದೂ ಬರೆದಿದ್ದೀರಿ. ಅದೆಲ್ಲ ಹೊಗೆಯೇ ಎಂದು ತಿಳಿಯಬೇಡಿ. ಹಳೆಯ ಪಟಗಳ ಬಿಳಿಯಲ್ಲಿ ಸೀಸದ ಸಫೇದವಿದ್ದರೆ, ಅದು ಗಾಳಿಯಲ್ಲಿರುವ ಗಂಧಕದ ಅನಿಲದೊಂದಿಗೆ ಸೇರಿ ಸೀಸದ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಅಲ್ಲಿ ಕೊಳೆಯೇ ಇಲ್ಲ, ಬಣ್ಣವೇ ಬದಲಾಗಿದೆ. ಎಷ್ಟು ಉಜ್ಜಿದರೂ ಮುಖ ಸವೆಯುತ್ತದೆಯೇ ಹೊರತು ಬೆಳ್ಳಗಾಗುವುದಿಲ್ಲ. ಆಲೂಗಡ್ಡೆಯಂತೂ ನೀರು ಕೊಟ್ಟು, ಪಿಷ್ಟವನ್ನು ಅಲ್ಲೇ ಬಿಟ್ಟು ಬರುತ್ತದೆ. ಮಲೆನಾಡಿನ ಆಷಾಢದಲ್ಲಿ ಆ ಪಿಷ್ಟ ಬೂಷ್ಟಿಗೂ ಹುಳಕ್ಕೂ ಔತಣ.

ನೀವೇ ಮಾಡುವುದೋ, ಬೇರೆಯವರಿಗೆ ಕೊಡುವುದೋ ಎಂಬ ಪ್ರಶ್ನೆಯೇ ನನಗೆ ಒಪ್ಪಿಗೆಯಾಗುವುದಿಲ್ಲ. ಎರಡರಲ್ಲೂ ಮದುವೆಯ ದಿನಾಂಕ ಕುಳಿತಿದೆ. ಮದುವೆಗೆ ಪಟ ಕಪ್ಪಾಗಿಯೇ ಇರಲಿ, ಬಂದವರು ಊಟ ನೋಡುತ್ತಾರೆ. ಅದಕ್ಕಿಂತ ಮೊದಲು ಅದು ತೂಗಿರುವ ಗೋಡೆಯನ್ನು ನೋಡಿ. ಮಳೆ ಹೊಡೆಯುವ ಹೊರಗೋಡೆಯಾಗಿದ್ದರೆ ಇಂದೇ ಒಳಗೋಡೆಗೆ ಬದಲಿಸಿ. ಗಾಳಿಯ ತೇವಾಂಶ ನೂರಕ್ಕೆ 65-70 ದಾಟಿ ನಿಂತರೆ ಬೂಷ್ಟು ಬೆಳೆಯುತ್ತದೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಆ ಮಿತಿಯ ಕೆಳಗೆ ಇಳಿಯುವುದೇ ಅಪರೂಪ. ಕಟ್ಟಿನ ಹಿಂದೆ ನಾಲ್ಕೂ ಮೂಲೆಗೆ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಹಲಗೆಗೂ ನಡುವೆ ಗಾಳಿಯಾಡುತ್ತದೆ. ಗಾಜು ಚಿತ್ರಕ್ಕೆ ತಾಗಿಕೊಂಡಿದ್ದರೆ ಮಾತ್ರ ನೀವು ಬಿಚ್ಚಲು ಹೋಗಬೇಡಿ, ಬಣ್ಣ ಗಾಜಿಗೆ ಅಂಟಿಕೊಂಡಿರಬಹುದು.

ಕೆಲಸಕ್ಕೆ ಕೊಡುವುದಾದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇನ್‌ಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ, ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಪಟ ನೋಡದೆ ಫೋನಿನಲ್ಲೇ ದರ ಹೇಳುವವರಿಗೆ ಕೊಡಬೇಡಿ. ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು ಎಂದು ಹಿರಿಯರು ಹೇಳಿರುವುದು ನಿಜವಿದ್ದೀತು (ಎಲ್ಲ ಮನೆಗಳ ಹಿರಿಯರೂ ಹಾಗೆಯೇ ಹೇಳುತ್ತಾರೆ). ಆ ಒಡೆಯರು ತೀರಿಕೊಂಡದ್ದು 1868ರಲ್ಲಿ, ಹಾಗಾಗಿ ಮಾತು ನಿಜವಿದ್ದರೆ ಪಟಕ್ಕೆ ನೂರು ವರ್ಷ ಎಂದೋ ದಾಟಿದೆ. 100 ವರ್ಷ ದಾಟಿದ ಪಟ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯಂತೆ ಪುರಾತನ ವಸ್ತು, ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಕೊಳ್ಳಲು ಬರುವವರು ಈ ಮಾತನ್ನು ಎತ್ತುವುದಿಲ್ಲ.

ಸದ್ಯಕ್ಕೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಟದ ಪಕ್ಕದಿಂದ ಓರೆಯಾಗಿ ಬಿಟ್ಟು, ಗಾಜಿನ ಮೂಲಕವೇ ಕೆಲವು ಫೋಟೊ ತೆಗೆಯಿರಿ. ಉಬ್ಬು ಎಲ್ಲೆಲ್ಲಿ ಎದ್ದಿದೆ ಎಂಬುದು ಆ ಓರೆಬೆಳಕಿನಲ್ಲಿ ನೆರಳಾಗಿ ಕಾಣುತ್ತದೆ. ಹಿಂಬದಿಯ ಹಲಗೆಯ ಫೋಟೊವೂ ಬೇಕು. ಇಲ್ಲಿಯೇ ಹಾಕಿದರೆ ಅದಕ್ಕೆ ಅವಸರದ ಚಿಕಿತ್ಸೆ ಬೇಕೋ, ಮಳೆಗಾಲ ಕಳೆಯುವವರೆಗೆ ಕಾಯಬಹುದೋ ಎಂಬಷ್ಟನ್ನು ನೋಡಿ ಹೇಳುತ್ತೇನೆ.