ಮುತ್ತಜ್ಜನ ಕಾರಿಗೆ ಹೊಸ ಎಂಜಿನ್ ಬೇಡ
(ಓದುಗರ ಪ್ರಶ್ನೆ, ನಮ್ಮ ಉತ್ತರ)

ಪ್ರಶ್ನೆ: ನಮ್ಮ ತೋಟದ ಹಳೆಯ ಗೋದಾಮಿನಲ್ಲಿ ಮುತ್ತಜ್ಜನ ಕಾಲದ ಫೋರ್ಡ್ ಮಾಡೆಲ್ ಟಿ ಕಾರೊಂದು ಹಲವು ವರ್ಷಗಳಿಂದ ತಾಡಪಾಲಿನಡಿ ನಿಂತಿದೆ. ಎಂಜಿನ್ ತಿರುಗುತ್ತಿಲ್ಲ. ಜೀಪಿನ ಡೀಸೆಲ್ ಎಂಜಿನ್ ಕೂರಿಸಿ, ಬಣ್ಣ ಹೊಡೆಸಿ, ವಿಂಟೇಜ್ ರ‍್ಯಾಲಿಗೆ ಒಯ್ಯಬೇಕೆಂಬುದು ನನ್ನ ತಮ್ಮನ ಆಸೆ. ಇದು ಸರಿಯೇ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ದಯವಿಟ್ಟು ಎಂಜಿನ್ ಬದಲಿಸಬೇಡಿ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಮಾಡೆಲ್ ಟಿ ಕಾರುಗಳು ತಯಾರಾದವು ಎಂಬುದು ನಿಜವೇ ಆದರೂ, ನಿಮ್ಮ ಮುತ್ತಜ್ಜ ಓಡಿಸಿದ್ದು ಇದೊಂದನ್ನೇ. ಇದಲ್ಲದೆ ಕಾನೂನಿನ ಮಾತೂ ಇದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಕಾರು ವಿಂಟೇಜ್ ಎಂದು ನೋಂದಣಿಯಾಗಬೇಕಾದರೆ ಅದು ಮೂಲರೂಪದಲ್ಲಿರಬೇಕು. ಚಾಸಿಯನ್ನಾಗಲಿ, ಬಾಡಿಯನ್ನಾಗಲಿ, ಎಂಜಿನ್ನನ್ನಾಗಲಿ ಮಾರ್ಪಡಿಸಿರಬಾರದು. ಹಾಗೆ ನೋಂದಣಿಯಾದ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವುಗಳಿಗಷ್ಟೇ ರಸ್ತೆಗೆ ಇಳಿಸಬಹುದು. ಡೀಸೆಲ್ ಎಂಜಿನ್ ಕೂರಿಸಿದರೆ ನಿಮ್ಮ ತಮ್ಮನವರ ರ‍್ಯಾಲಿಯ ಆಸೆಗೆ ಅವರೇ ಅಡ್ಡಿ ತಂದುಕೊಂಡಂತಾಗುತ್ತದೆ.

ಮೊದಲು ತಾಡಪಾಲನ್ನು ತೆಗೆಯಿರಿ. ಮಲೆನಾಡಿನ ಮಳೆಗಾಲದಲ್ಲಿ ಅದು ತೇವವನ್ನು ಒಳಗೇ ಹಿಡಿದಿಟ್ಟು ತಗಡಿಗೆ ತುಕ್ಕು ಹಿಡಿಸುತ್ತದೆ. ಗಾಳಿಯಾಡುವ ಹತ್ತಿ ಬಟ್ಟೆಯ ಹೊದಿಕೆ ಸಾಕು. ನಂತರ ಚಕ್ರಗಳನ್ನು ನೋಡಿ. ಚಕ್ರದ ಕಡ್ಡಿಗಳು (ಸ್ಪೋಕ್‌ಗಳು) ಮರದವಾಗಿದ್ದರೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗೆದ್ದಲೋ ಹುಳುವೋ ಹೊಕ್ಕಿರುವ ಸಾಧ್ಯತೆಯಿದ್ದು, ಅಂಥ ಚಕ್ರದ ಮೇಲೆ ಗಾಡಿಯನ್ನು ಒಂದಡಿಯೂ ತಳ್ಳಬಾರದು. ರೇಡಿಯೇಟರ್ ಹಿತ್ತಾಳೆಯದಾಗಿದ್ದರೆ ಕಾರು 1916 ಅಥವಾ ಅದಕ್ಕೂ ಹಿಂದಿನದು. ಕಪ್ಪು ಹೊದಿಕೆಯದಾದರೆ ಅನಂತರದ್ದು. ಎಂಜಿನ್ನಿನ ಎಡಬದಿಯಲ್ಲಿ, ನೀರಿನ ಕೊಳವೆ ಸೇರುವ ಜಾಗದ ಮೇಲೆ, ಸಂಖ್ಯೆ ಒತ್ತಿರುತ್ತದೆ. ಅದನ್ನು ಉಜ್ಜಬೇಡಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಫೋಟೊ ತೆಗೆದಿಟ್ಟುಕೊಳ್ಳಿ.

ತಿರುಗದ ಎಂಜಿನ್ ಎಂದರೆ ಸತ್ತ ಎಂಜಿನ್ ಎಂದೇನೂ ಅಲ್ಲ. ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ತೆಳು ಎಣ್ಣೆ ಹಾಕಿ, ವಾರಗಟ್ಟಲೆ ಕಾಯಬೇಕು. ಕಬ್ಬಿಣದ ಸಲಾಕೆಯಿಂದ ಬಲವಂತ ಮಾಡಿದರೆ ಜಾಮ್ ಆದ ಪಿಸ್ಟನ್ ಬಿಡುವ ಬದಲು ಒಡೆಯುತ್ತದೆ. ಎಂಜಿನ್ ಬಿಟ್ಟುಕೊಂಡ ಮೇಲೆ ಹ್ಯಾಂಡಲ್ ಹೊಡೆಯುವ ಮುನ್ನ ಸ್ಟೀರಿಂಗ್ ಕೆಳಗಿರುವ ಕಿಡಿಯ ಲಿವರನ್ನು ತಡವಾಗಿ ಕಿಡಿ ಹಾರುವ ಸ್ಥಾನಕ್ಕೆ ಸರಿಸಿ, ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇಟ್ಟು, ಹಿಡಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಹೆಬ್ಬೆರಳು ಹಿಡಿಯನ್ನು ಸುತ್ತಿಕೊಂಡಿದ್ದಾಗ ಎಂಜಿನ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತದೆ. ಇದನ್ನು ನಿಮ್ಮ ತಮ್ಮನವರಿಗೆ ಎರಡು ಸಲ ಹೇಳಿ.

ಇನ್ನು ಬಣ್ಣ. ನನ್ನ ಕಣ್ಣೆದುರೇ ಒಂದು ಗ್ಯಾರೇಜಿನಲ್ಲಿ ಹಳೆಯ ಕಾರೊಂದರ ಬಾಗಿಲಿಗೆ ಮರಳು ಹೊಡೆದು, ಅದರ ಮೇಲಿದ್ದ ಕೈಬರಹದ ತೋಟದ ಹೆಸರನ್ನು ಅರ್ಧ ಗಂಟೆಯಲ್ಲಿ ಅಳಿಸಿಹಾಕಿದರು. ಆ ಅಕ್ಷರಗಳನ್ನು ಮತ್ತೆ ಬರೆಸಬಹುದು, ಆದರೆ ಬರೆದಿದ್ದ ಕೈಯನ್ನು ಎಲ್ಲಿಂದ ತರುವುದು? ಮಾಸಿದ ಬಣ್ಣವನ್ನು ತೊಳೆದು, ತುಕ್ಕು ಹಿಡಿದಲ್ಲಿ ಮಾತ್ರ ಅದು ಹರಡದಂತೆ ತಡೆದು, ಮಿಕ್ಕಿದ್ದನ್ನು ಇದ್ದಂತೆಯೇ ಬಿಡಿ. ಕೆಲಸಕ್ಕೆ ಕೈಹಾಕುವ ಮುನ್ನ ಚಾರ್ಮಾಡಿ ಇಳಿದು ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ಅಣ್ಣತಮ್ಮಂದಿರಿಬ್ಬರೂ ನೋಡಿಬನ್ನಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ನೂರು ವರ್ಷದ ಕಾರುಗಳನ್ನು ಈಗಲೂ ರೇಸಿಗೆ ಇಳಿಸುತ್ತಾರಂತೆ. ಉಳಿಸಬೇಕಾದ ವಸ್ತುವನ್ನು ಹೀಗೆ ಸವೆಸುವುದು ತಪ್ಪಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ತಪ್ಪೆಂದು ನನಗೆ ಅನಿಸುವುದಿಲ್ಲ. 1934ರಲ್ಲಿ ಹುಟ್ಟಿದ ಅಲ್ಲಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್, 1930ರವರೆಗಿನ ಕಾರುಗಳನ್ನು ವಿಂಟೇಜ್ ಎಂದು ಕರೆದು, ಅವನ್ನು ಓಡಿಸುತ್ತಲೇ ಉಳಿಸಿಕೊಂಡು ಬಂದಿದೆ. 1905ರಲ್ಲಿ ಆರಂಭವಾದ ಶೆಲ್ಸ್ಲಿ ವಾಲ್ಶ್ ಎಂಬ ಏರಿನಲ್ಲಿ ಕಾರುಗಳು ಸಾವಿರ ಗಜ, ಅಂದರೆ ಸುಮಾರು 914 ಮೀಟರ್ ದೂರವನ್ನು ಒಂದೊಂದಾಗಿ ಹತ್ತುತ್ತವೆ, ಯಾವುದು ಬೇಗ ತಲುಪಿತೆಂದು ಗಡಿಯಾರದಿಂದ ಅಳೆಯುತ್ತಾರೆ. ವೇಗಕ್ಕೆಂದೇ ಕಟ್ಟಿದ ಕಾರಿನ ಸ್ವಭಾವ ಅದರ ಸದ್ದಿನಲ್ಲಿ, ಬಿಸಿ ಎಣ್ಣೆಯ ವಾಸನೆಯಲ್ಲಿ, ತಿರುವಿನಲ್ಲಿ ಅದು ವಾಲುವ ರೀತಿಯಲ್ಲಿ ಇರುತ್ತದೆ. ನಿಂತ ಕಾರಿನಲ್ಲಿ ಅದು ಕಾಣುವುದಿಲ್ಲ. ಸವೆದ ಭಾಗವನ್ನು ಬದಲಿಸಿದಾಗ ಹಳೆಯದಕ್ಕೆ ಚೀಟಿ ಕಟ್ಟಿ ಎತ್ತಿಡಬೇಕೆಂಬುದು ಮಾತ್ರ ನನ್ನ ಕಳಕಳಿ.

ಆದರೆ ಎಲ್ಲ ಹಳೆಯ ಕಾರೂ ರೇಸ್ ಕಾರಲ್ಲ. ಮೇಲಿನ ಮಾಡೆಲ್ ಟಿ ಕಾರನ್ನೇ ತೆಗೆದುಕೊಳ್ಳಿ: ಇಪ್ಪತ್ತು ಅಶ್ವಶಕ್ತಿ, ಗೇರ್‌ಬಾಕ್ಸಿನೊಳಗಿನ ಬ್ರೇಕು, ಕೆಳಗಿನ ಗೇರಿನಲ್ಲಿರುವಷ್ಟು ಹೊತ್ತೂ ಎಡಗಾಲಿನಿಂದ ಒತ್ತಿಯೇ ಹಿಡಿಯಬೇಕಾದ ಪೆಡಲು. ಚಿಕ್ಕಮಗಳೂರಿನ ಬಳಿಯ ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಅದನ್ನು ಹತ್ತಿಸಿದರೆ ಮೊದಲು ನೋಯುವುದು ನಿಮ್ಮ ಕಾಲು. ಅದಕ್ಕಿಂತ ಕೆಟ್ಟದ್ದೆಂದರೆ, ಉದ್ದನೆಯ ಏರಿನಲ್ಲಿ ಎಣ್ಣೆ ಹಿಂದಕ್ಕೆ ಸರಿದು ಮೊದಲ ಸಿಲಿಂಡರಿನ ಬೇರಿಂಗಿಗೆ ಸಾಲದೆ ಹೋಗುತ್ತದೆ. ಆ ಬೇರಿಂಗ್ ಎರಕ ಹೊಯ್ದ ಬಿಳಿ ಲೋಹದ್ದು, ಬಿಸಿ ಹೆಚ್ಚಿದರೆ ಕರಗುತ್ತದೆ. 1926ಕ್ಕಿಂತ ಹಿಂದಿನ ಹೆಚ್ಚಿನವುಗಳಲ್ಲಿ ಟ್ಯಾಂಕು ಸೀಟಿನಡಿ ಇದ್ದು, ಪೆಟ್ರೋಲು ತಾನಾಗಿಯೇ ಇಳಿದು ಬರಬೇಕಾದ್ದರಿಂದ, ಪೆಟ್ರೋಲು ಕಡಿಮೆಯಿದ್ದಾಗ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ಇಂಥ ಕಾರಿಗೆ ಹಾಸನ–ಬೇಲೂರಿನಂಥ ಹದವಾದ ದಾರಿಯ, ನಿಧಾನದ ರ‍್ಯಾಲಿಯೇ ಒಪ್ಪುತ್ತದೆ.

ಪ್ರಶ್ನೆ: ಎಥನಾಲ್ ಬೆರೆಸಿದ ಪೆಟ್ರೋಲನ್ನು ವಿಂಟೇಜ್ ಕಾರಿಗೆ ಹಾಕಬಹುದೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಎಚ್ಚರದಿಂದ ಹಾಕಬಹುದು. ಆ ಕಾಲದ ಅನೇಕ ಕಾರ್ಬುರೇಟರ್‌ಗಳ ಒಳಗೆ ತೇಲುವ ಬೆಂಡಿಗೆ ಅರಗಿನ ವಾರ್ನಿಷ್ ಬಳಿದಿರುತ್ತಾರೆ. ಅರಗು ಆಲ್ಕೊಹಾಲಿನಲ್ಲಿ ಕರಗುವುದರಿಂದ ಬೆಂಡು ಪೆಟ್ರೋಲು ಹೀರಿ ಮುಳುಗುತ್ತದೆ, ಕಾರ್ಬುರೇಟರ್ ಉಕ್ಕಿ ಹರಿಯುತ್ತದೆ, ಬಿಸಿ ಎಂಜಿನ್ನಿನ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಎಥನಾಲಿಗೆ ಕರಗದ ತೇಲುವ ಬೆಂಡನ್ನೂ ರಬ್ಬರ್ ಕೊಳವೆಯನ್ನೂ ಹಾಕಿಸಿಕೊಳ್ಳಿ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನಿಮ್ಮ ಸಕಲೇಶಪುರದ ಜುಲೈ ತಿಂಗಳಲ್ಲಿ ತೇವಕ್ಕೆ ಕೊರತೆಯಿಲ್ಲ. ಆದ್ದರಿಂದ ಕಾರನ್ನು ಒಳಗೆ ನಿಲ್ಲಿಸುವ ಪ್ರತಿ ಸಲವೂ ಟ್ಯಾಂಕಿನ ನಲ್ಲಿಯನ್ನು ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರಿ ಎಂಜಿನ್ ತಾನೇ ನಿಲ್ಲುವವರೆಗೂ ಓಡಲು ಬಿಡಿ.